ಮೊದಲ ಬಾಸ್ಕೆಟ್ ಬೀಳುವ ತನಕ

ಫೋನ್ ಬಂದಾಗ ಡಾರ್ಲಾ ಕ್ಲಿನಿಕ್ಕಿನಲ್ಲಿ ಒಬ್ಬ ಮುದುಕನ ದವಡೆ ಮರಗಟ್ಟಲೆಂದು ಕಾಯುತ್ತಿದ್ದಳು. ಹಲ್ಲಿನ ಡಾಕ್ಟರ ಸಹಾಯಕಿಯಾಗಿ ಇಪ್ಪತ್ತು ವರ್ಷದಿಂದ ಅವಳದು ಅದೇ ಕೆಲಸ. ಇಂಜೆಕ್ಷನ್ ಆದ ಮೇಲೆ ಕೆನ್ನೆ ತಟ್ಟಿ, “ಏನಾದ್ರೂ ಗೊತ್ತಾಗ್ತಿದೆಯಾ?” ಎಂದು ಕೇಳಬೇಕು.

ಫೋನ್ ಮಾಡಿದ್ದು ವಿಟ್‌ಬರ್ನ್ ಕಾಲೇಜಿನ ಟಿಕೆಟ್ ಆಫೀಸಿನ ಹುಡುಗಿ.

“ಮೇಡಂ, ನಿಮ್ಮದು ಎಫ್ ಸಾಲು, ಹನ್ನೊಂದನೇ ಸೀಟು ಅಲ್ವಾ? ಪಕ್ಕದ ಹನ್ನೆರಡು ಖಾಲಿ ಆಗ್ತಿದೆ. ಮೊದಲು ಪಕ್ಕದವರನ್ನೇ ಕೇಳ್ಬೇಕು ಅಂತ ರೂಲ್ಸು. ಮುಂದಿನ ಸೀಸನ್‌ಗೆ ಅದೂ ನಿಮಗೇ ಇರಲಾ?”

“ಹನ್ನೆರಡರವರು ಯಾಕೆ ಬಿಡ್ತಿದಾರೆ?”

“ಕಾರಣ ಬರೆದಿಲ್ಲ. ನಮ್ಮ ತಂಡ ಆಡೋದು ನೋಡಿದ್ರೆ, ಕಾರಣ ಬೇರೆ ಬರೀಬೇಕಾ ಹೇಳಿ!”

“ಯೋಚನೆ ಮಾಡಿ ಹೇಳ್ತೀನಮ್ಮಾ” ಎಂದು ಡಾರ್ಲಾ ಫೋನ್ ಇಟ್ಟು ಮುದುಕನ ಕೆನ್ನೆ ತಟ್ಟಿದಳು. ಅವನಿಗೆ ಏನೂ ಗೊತ್ತಾಗಲಿಲ್ಲ. ಅವಳಿಗೂ ಅಷ್ಟೇ. ಹನ್ನೆರಡರ ಎಮೆಟ್ ಇನ್ನು ಬರುವುದಿಲ್ಲ, ಸರಿ, ಅಂದುಕೊಂಡಳು. ಆಮೇಲೆ ಡಾಕ್ಟರಿಗೆ ಇಕ್ಕಳ ಕೊಡುವ ಬದಲು ಕನ್ನಡಿ ಕೊಟ್ಟಳು.

ವಿಟ್‌ಬರ್ನ್ ತಂಡದ ಹೆಸರು ಕೊಕ್ಕರೆಗಳು. ಇಂಡಿಯಾನಾ ರಾಜ್ಯದಲ್ಲಿ ಮಕ್ಕಳು ನಡೆಯುವ ಮೊದಲೇ ಬಾಸ್ಕೆಟ್‌ಬಾಲ್ ಎಸೆಯುತ್ತಾರೆ, ಆದರೆ ಅಂಥ ಮಕ್ಕಳು ಯಾರೂ ವಿಟ್‌ಬರ್ನ್ ಕಾಲೇಜಿಗೆ ಸೇರುವುದಿಲ್ಲವೋ ಏನೋ. ಈ ವರ್ಷ ನಾಲ್ಕು ಗೆಲುವು, ಇಪ್ಪತ್ತನಾಲ್ಕು ಸೋಲು. ಮೊದಮೊದಲು ಊರವರು ಕೋಚ್‌ಗೆ ಹಿಡಿಶಾಪ ಹಾಕಿದರು, ಪೇಪರಿಗೆ ಬರೆದರು. ಕೋಚ್ ಹೋಗಿ ಇನ್ನೊಬ್ಬ ಬಂದ, ಅವನೂ ಹೋಗಿ ಮತ್ತೊಬ್ಬ ಬಂದ. ಕಡೆಗೆ ಸಿಟ್ಟೂ ಸತ್ತಿತು. ಬೈಯುವುದಕ್ಕೂ ಒಂದಿಷ್ಟು ಆಸೆ ಉಳಿದಿರಬೇಕಲ್ಲ!

ಡಾರ್ಲಾಳದು ಅಪ್ಪನ ಸೀಟು. ನಲವತ್ತು ವರ್ಷ ಅಲ್ಲಿ ಕೂತಿದ್ದ ಆತ ಹೋದ ಮೇಲೆ ಅವಳ ಹೆಸರಿಗೆ ಬಂತು. ಮೊದಲ ದಿನವೇ ಹನ್ನೆರಡರಲ್ಲಿ ಎಮೆಟ್ ಕೂತಿದ್ದ. ಮೂವತ್ತು ಮೈಲಿ ಆಚೆಯ ಊರಿನಲ್ಲಿ ಪೋಸ್ಟ್‌ಮ್ಯಾನ್, ಮದುವೆ ಮುರಿದವನು, ಮಾತು ಕಡಿಮೆ. ಹನ್ನೊಂದು ಚಳಿಗಾಲ ಇಬ್ಬರೂ ಒಂದೇ ಪಾಪ್‌ಕಾರ್ನ್ ಡಬ್ಬಕ್ಕೆ ಕೈ ಹಾಕಿದ್ದರು. ಡಬ್ಬ ಇಬ್ಬರ ಸೀಟಿನ ನಡುವಿನ ಕೈಯಾಸರೆಯ ಮೇಲೆ ಇರುತ್ತಿತ್ತು. ಅವನ ಬೆರಳುಗಳ ಮೇಲೆ ಕಾಗದ ಕೊಯ್ದ ಗೀರುಗಳಿರುತ್ತಿದ್ದವು. ಅವಳು ಆಟ ನೋಡುವ ನೆವದಲ್ಲಿ ಆ ಬೆರಳು ನೋಡುತ್ತಿದ್ದಳು. ಆಟ ಮುಗಿದ ಕೂಡಲೇ ಅವನು ಪೂರ್ವದ ಬಾಗಿಲಿನಿಂದ ಹೋಗುತ್ತಿದ್ದ, ಅವಳು ಪಶ್ಚಿಮದ ಬಾಗಿಲಿನಿಂದ. ಹೊರಗೆ ಒಮ್ಮೆಯೂ ಭೇಟಿಯಾಗಿರಲಿಲ್ಲ.

ಈ ಜನವರಿಯಲ್ಲಿ ಹುಡುಗರು ಕಾಗದದ ಚೀಲದ ಚಳವಳಿ ಶುರುಮಾಡಿದರು. ದಿನಸಿ ಅಂಗಡಿಯ ಚೀಲಕ್ಕೆ ಕಣ್ಣಿನ ಜಾಗದಲ್ಲಿ ಎರಡು ತೂತು ಮಾಡಿ ತಲೆಗೆ ಹಾಕಿಕೊಳ್ಳುವುದು. ಇಂಥ ತಂಡದ ಅಭಿಮಾನಿಗಳು ಎಂದು ಹೇಳಿಕೊಳ್ಳಲು ನಾಚಿಕೆ ಎಂಬ ಅರ್ಥ. ಅವತ್ತು ಎಮೆಟ್ ಎರಡು ಚೀಲ ತಂದಿದ್ದ. ಒಂದನ್ನು ಅವಳಿಗೆ ಕೊಡುವಾಗ ಅವನ ಕಿವಿ ಕೆಂಪಾಗಿತ್ತು.

“ಹಾಕ್ಕೋತೀರಾ?”

“ಅಯ್ಯೋ! ನಮ್ಮಪ್ಪ ಇದ್ದಿದ್ರೆ ಈ ಚೀಲಾನ ನಿಮ್ಮ ಬಾಯಿಗೇ ತುರುಕ್ತಿದ್ರು. ಹುಡುಗರು ಸೋಲ್ಲಿ, ಅವರ ಎದುರು ಮುಖ ಮಾತ್ರ ಮುಚ್ಕೋಬೇಡ ಅಂತಿದ್ರು.”

ಅವಳು ಅದನ್ನು ನಾಲ್ಕು ಮಡಿಕೆ ಮಾಡಿ ಕೋಟಿನ ಜೇಬಿಗೆ ಸೇರಿಸಿದಳು. ಎಮೆಟ್ ತನ್ನದನ್ನೂ ಹಾಕಿಕೊಳ್ಳಲಿಲ್ಲ. ಮುಂದಿನ ಪಂದ್ಯದಿಂದ ಪಾಪ್‌ಕಾರ್ನ್ ಡಬ್ಬ ಅವನ ತೊಡೆಯ ಮೇಲೆ ಕೂತಿತು. ಅವಳು ಗಮನಿಸಿದಳು, ಕೇಳಲಿಲ್ಲ. ತಂಡದ ಹಾಗೆ ಇದೂ ಮುಗಿಯಿತು ಅಂದುಕೊಂಡಳು.

ಶನಿವಾರ ಮಧ್ಯಾಹ್ನ ಎರಡಕ್ಕೆ ತವರಿನ ಕೊನೆಯ ಪಂದ್ಯ. ವಿಟ್‌ಬರ್ನ್‌ನಲ್ಲಿ ಒಂದು ಕಟ್ಟಳೆ ಇದೆ. ನಮ್ಮ ಹುಡುಗರು ಮೊದಲ ಬಾಸ್ಕೆಟ್ ಹಾಕುವ ತನಕ ಯಾರೂ ಕೂರುವಂತಿಲ್ಲ. ಅಪ್ಪನ ಕಾಲದಲ್ಲಿ ಅರ್ಧ ನಿಮಿಷ ನಿಂತರೆ ಸಾಕಾಗುತ್ತಿತ್ತಂತೆ. ಅವತ್ತು ಐದು ನಿಮಿಷ ಕಳೆದರೂ ಎಲ್ಲರೂ ನಿಂತೇ ಇದ್ದರು. ಎದುರಾಳಿ ಹನ್ನೊಂದು, ಕೊಕ್ಕರೆಗಳು ಸೊನ್ನೆ.

“ನನಗೆ ಎಂಬತ್ತೆರಡು ಕಣ್ರೋ!” ಹಿಂದಿನ ಸಾಲಿನ ಆರ್ವಿಲ್ ತಾತ ಕೂಗಿದ. “ಒಂದಾದ್ರೂ ಹಾಕ್ರೋ, ನಿಂತಲ್ಲೇ ಪ್ರಾಣ ಹೋದೀತು!”

ಯಾರೂ ನಗಲಿಲ್ಲ. ಡಾರ್ಲಾ ಅಂಕಣದ ಮೇಲಿನ ಕಣ್ಣು ತೆಗೆಯದೆಯೇ ಪಕ್ಕದಲ್ಲಿ ನಿಂತಿದ್ದ ಎಮೆಟ್‌ಗೆ ಹೇಳಿದಳು.

“ಸೀಟು ಬಿಡ್ತಿದೀರಂತೆ.”

“ಗೊತ್ತಾಯ್ತಾ?”

“ಮೊದಲು ನನಗೇ ಫೋನ್ ಮಾಡಿದ್ರು. ಪಕ್ಕದವಳಲ್ವಾ.”

“ತಗೊಂಡ್ಬಿಡಿ. ಕೋಟು ಇಡೋಕಾಗುತ್ತೆ.”

“ನನ್ನ ಕೋಟಿಗೆ ಸೀಟು ಬೇಕು ಅಂತ ಯಾರು ಹೇಳಿದ್ರು?”

ನಮ್ಮ ಹುಡುಗನೊಬ್ಬ ಎಸೆದ ಚೆಂಡು ಬಾಸ್ಕೆಟ್ಟಿನ ಬಳೆಗೂ ತಾಗದೆ ಹೋಗಿ ಚಿಯರ್ ಹುಡುಗಿಯರ ಮಧ್ಯೆ ಬಿತ್ತು.

“ಯಾಕೆ ಬಿಡ್ತಿದೀರಿ ಅಂತ ಕೇಳಬಹುದಾ?”

“ಮಂಡಿ ನೋವು.”

“ಮಂಡಿ ನೋವಿರೋರು ದಿನಾ ಎಂಟು ಮೈಲಿ ನಡೆದು ಕಾಗದ ಹಂಚ್ತಾರಾ?”

ಅವನು ಒಂದು ಕ್ಷಣ ಅವಳ ಕಡೆ ನೋಡಿದ. ಕಣ್ಣಂಚಿನಲ್ಲಿ ನಗು ಮೂಡಿ, ಅಲ್ಲೇ ನಿಂತು, ವಾಪಸಾಯಿತು.

“ನಿಜ ಹೇಳ್ಲಾ? ಹೋದ ತಿಂಗಳು ಮೂವತ್ತು ಪಾಯಿಂಟಿಂದ ಸೋತ್ವಲ್ಲ, ಅವತ್ತು ಮನೇಲಿ ಸ್ಕೋರ್ ಎಷ್ಟು ಅಂತ ನೆನಪೇ ಬರ್ಲಿಲ್ಲ. ಇಷ್ಟು ವರ್ಷ ನಾನು ಆಟ ನೋಡೋಕೆ ಬರ್ತಾ ಇರ್ಲಿಲ್ಲ ಅಂತ ಗೊತ್ತಾಯ್ತು. ಯಾವುದಕ್ಕೆ ಬರ್ತಿದ್ನೋ ಅದಕ್ಕೂ ಉತ್ತರ ಸಿಕ್ಕಾಯ್ತು. ಇನ್ನು ಸುಮ್ನೆ ಸೀಟು ಬೆಚ್ಚಗೆ ಮಾಡೋದ್ಯಾಕೆ?”

“ಏನು ಉತ್ತರ? ಯಾರು ಕೊಟ್ರು?”

“ಹೋಗ್ಲಿ ಬಿಡಿ, ಡಾರ್ಲಾ.”

ಹನ್ನೊಂದು ವರ್ಷದಲ್ಲಿ ಅವಳ ಹೆಸರು ಅವನ ಬಾಯಲ್ಲಿ ಎಷ್ಟು ಸಲ ಬಂದಿತ್ತೋ, ಆದರೆ ಹೀಗೆ ಬಂದಿರಲಿಲ್ಲ. ಅಳು ಬರುತ್ತಿದೆ ಎಂದು ತಿಳಿದು ಅವಳಿಗೇ ಆಶ್ಚರ್ಯವಾಯಿತು. ಅಪ್ಪನ ಮಣ್ಣಿನ ದಿನ ಅತ್ತದ್ದೇ ಕೊನೆ. ಇವನ ಮುಂದೆ ಅಳಬಾರದು, ಅಷ್ಟೇ. ಮುಖ ಎಲ್ಲಿ ಇಡಲಿ ಎಂದು ಕರವಸ್ತ್ರಕ್ಕೆ ಜೇಬು ತಡಕಿದಳು. ಸಿಕ್ಕಿದ್ದು ಮಡಿಚಿದ ಚೀಲ. ಪಂದ್ಯಕ್ಕೆಂದೇ ತೊಡುವ ಕೋಟು, ಇಟ್ಟದ್ದು ಇಟ್ಟಲ್ಲೇ ಇತ್ತು.

‘ಅಪ್ಪಾ, ಇವತ್ತೊಂದು ದಿನ ಕ್ಷಮಿಸು’ ಎಂದುಕೊಂಡು ಮಡಿಕೆ ಬಿಚ್ಚಿದಳು. ತಲೆಗೆ ಹಾಕಿಕೊಳ್ಳಲು ಅದರ ಬಾಯಿ ಅಗಲಿಸಿದಾಗ ಒಳಗೆ, ಚೀಲದ ತಳದಲ್ಲಿ, ನೀಲಿ ಶಾಯಿಯ ಅಕ್ಷರಗಳು ಕಂಡವು. ವಿಳಾಸ ಬರೆದಂತೆ ಗುಂಡಗೆ, ಸಾಲು ಸಾಲಾಗಿ.

‘ಆಟ ಮುಗಿದ ಮೇಲೆ ನನ್ನ ಜೊತೆ ಕೆನೆ ಪೈ ತಿನ್ನೋಕೆ ಬರ್ತೀರಾ? ಬರೋದಾದ್ರೆ ಇದನ್ನ ಹಾಕ್ಕೊಳ್ಳಿ. ಇಷ್ಟ ಇಲ್ಲದಿದ್ರೆ ಬೇಡ, ಮತ್ತೆ ಯಾವತ್ತೂ ಕೇಳಲ್ಲ. ಎಮೆಟ್, ಸೀಟು 12.’

ಅವಳು ಎರಡು ಸಲ ಓದಿದಳು. ಆಮೇಲೆ ಜನವರಿಯಲ್ಲಿ ತಾನು ಚೀಲ ಮಡಿಚಿದ್ದನ್ನು ನೆನೆದಳು. ಒಂದು ಮಡಿಕೆ, ಎರಡು, ನಾಲ್ಕು. ಇವನು ಪಕ್ಕದಲ್ಲಿ ಕೂತು ನೋಡಿದ್ದ. ಅಪ್ಪನ ಮಾತು ಬೇರೆ ಹೇಳಿದ್ದಳು, ಪಾಪ, ಬಾಯಿಗೆ ತುರುಕುವ ಮಾತು!

“ಎಮೆಟ್.”

“ಹೂಂ.”

“ನಾನು ಇದನ್ನ ಬಿಚ್ಚೇ ಇರ್ಲಿಲ್ಲ. ಈಗ ಬಿಚ್ಚಿದೆ. ಈಗಷ್ಟೇ.”

ಅವನು ತಿರುಗಿದ. ಅವಳ ಕೈಯಲ್ಲಿನ ಚೀಲ ನೋಡಿ ಅವನ ಕಿವಿ ಮತ್ತೆ ಕೆಂಪಾಯಿತು.

“ಓದಿರ್ಲಿಲ್ವಾ?”

“ಕಾಗದ ಹಂಚೋನು ಕಾಗದಾನ ಕೈಗೆ ಕೊಡೋದು ಬಿಟ್ಟು ಚೀಲದ ತಳದಲ್ಲಿ ಬರೀತಾನೆ ಅಂತ ಯಾರಿಗ್ರೀ ಗೊತ್ತಾಗುತ್ತೆ?” ಎಂದವಳ ದನಿ ಒಡೆಯಿತು.

ಅವಳು ಚೀಲವನ್ನು ತಲೆಯ ಮೇಲಿಂದ ಇಳಿಸಿಕೊಂಡಳು. ಒಳಗೆ ಕಾಗದದ ವಾಸನೆ, ತನ್ನದೇ ಬಿಸಿಯುಸಿರು. ಎರಡು ತೂತುಗಳಲ್ಲಿ ಎಮೆಟ್‌ನ ಮುಖ ಮಾತ್ರ ಕಾಣುತ್ತಿತ್ತು. ಅವನು ನಗಲೋ ಬೇಡವೋ ಎಂಬಂತೆ ತುಟಿ ಕಚ್ಚಿ ನಿಂತಿದ್ದ. ಕಣ್ಣು ಮಾತ್ರ ಒದ್ದೆ.

“ಬಂತಾ ಉತ್ತರ?” ಎಂದಳು ಒಳಗಿನಿಂದ.

“ಬಂತು.”

“ನಾನೂ ಆಟ ನೋಡೋಕೆ ಬರೋದು ಬಿಟ್ಟು ಬಹಳ ವರ್ಷ ಆಯ್ತು, ಎಮೆಟ್.”

ಅಷ್ಟರಲ್ಲಿ ಯಾರೋ ಎಸೆದ ಚೆಂಡು ಬಳೆಯ ಮೇಲೆ ಮೂರು ಸುತ್ತು ಹೊಡೆದು, ಮನಸ್ಸಿಲ್ಲದ ಮನಸ್ಸಿನಿಂದ ಒಳಗೆ ಬಿತ್ತು. ಸಾವಿರ ಜನ ಉಸ್ಸೆಂದು ಕೂತರು. ಇಬ್ಬರು ಮಾತ್ರ ಕೂರಲಿಲ್ಲ.

“ಏನಮ್ಮಾ, ಕೂತ್ಕೋ!” ಆರ್ವಿಲ್ ತಾತ ರೇಗಿದ. “ಏಳು ನಿಮಿಷ ಕಾದು ಒಂದು ಬಿದ್ದಿದೆ, ಅದನ್ನೂ ನೋಡೋಕೆ ಬಿಡಲ್ವಲ್ಲಾ! ಲೋ ಪೋಸ್ಟ್‌ಮ್ಯಾನ್, ನೀನಾದ್ರೂ ಹೇಳೋ!”

ಎಮೆಟ್ ಎರಡೂ ಕೈಯಿಂದ ಅವಳ ತಲೆಯ ಚೀಲ ಮೆಲ್ಲಗೆ ಎತ್ತಿದ. ಕೂದಲು ಕೆದರಿತ್ತು, ಕೆನ್ನೆ ತೋಯ್ದಿತ್ತು. ಅವನು ಕೂದಲು ಸರಿಮಾಡಲು ಹೋಗಿ, ಮಾಡದೆ, ಚೀಲವನ್ನು ಜೋಪಾನವಾಗಿ ಮಡಿಚಿ ತನ್ನ ಜೇಬಿಗೆ ಇಟ್ಟುಕೊಂಡ.

“ಈಗಲೇ ಹೋಗೋಣ್ವಾ?” ಎಂದ.

“ಆಟ ಮುಗಿದ ಮೇಲೆ ಅಂತ ಬರೆದಿದೀರಿ. ಅಪ್ಪ ಯಾವತ್ತೂ ಮಧ್ಯೆ ಎದ್ದು ಹೋಗಿಲ್ಲ.”

ಕೂತರು. ಪಾಪ್‌ಕಾರ್ನ್ ಡಬ್ಬ ಅವನ ತೊಡೆಯಿಂದ ಕೈಯಾಸರೆಗೆ ಬಂತು. ಕೊಕ್ಕರೆಗಳು ಎಂದಿನಂತೆ ಸೋತವು. ಎಷ್ಟರಿಂದ ಎಂದು ಕೇಳಿದ್ದರೆ ಇಬ್ಬರಿಗೂ ಗೊತ್ತಿರಲಿಲ್ಲ.

ಆಟ ಮುಗಿದು ಎದ್ದಾಗ ಡಾರ್ಲಾ ಎರಡು ಹೆಜ್ಜೆ ಇಟ್ಟು ತಟಕ್ಕನೆ ನಿಂತಳು. ಅವನು ಅವಳ ಮೊಣಕೈ ಹಿಡಿದ. ಹನ್ನೊಂದು ವರ್ಷದಲ್ಲಿ ಮೊದಲ ಸಲ.

“ಏನಾಯ್ತು?”

“ಕಾಲು ಜೋಮು ಹಿಡಿದಿತ್ತು. ಈಗ ಬಿಡ್ತಿದೆ.”

“ನೋಯ್ತಿದೆಯಾ?”

“ಹೂಂ,” ಎಂದಳು ಅವನ ಗೀರುಬಿದ್ದ ಬೆರಳುಗಳನ್ನು ಹಿಡಿದು. “ಎಲ್ಲಾ ಗೊತ್ತಾಗ್ತಿದೆ.”

ಅವನ ಕಾರು ಪೂರ್ವದ ಕಡೆ ನಿಂತಿತ್ತು. ಇಬ್ಬರೂ ಪಶ್ಚಿಮದ ಬಾಗಿಲಿನಿಂದ ಹೊರಗೆ ಹೋದರು.