ಇಳಿಜಾರಿನಲ್ಲಿ ಕೈಕೊಟ್ಟ ವ್ಯಾನು

ಬ್ರೇಕಿನ ಮೇಲಿಟ್ಟ ಕಾಲು ಸೀದಾ ನೆಲಕ್ಕೆ ಹೋಗಿ ತಾಗಿತು.

ಸಾರಥಿ ಕಾಲೆತ್ತಿ ಮತ್ತೊಮ್ಮೆ ಒತ್ತಿದಳು. ಪೆಡಲ್ ಒದ್ದೆ ಹತ್ತಿಯ ಹಾಗೆ ಕುಸಿಯಿತು. ಮುಂದೆ ಆಸ್ಪತ್ರೆ ರಸ್ತೆಯ ಇಳಿಜಾರು. ಅದರ ಬುಡದಲ್ಲಿ ಬಸ್ಸಿಗೆ ಕಾದು ನಿಂತ ಜನ. ವ್ಯಾನಿನೊಳಗೆ ನಾಲ್ವರು ವಯಸ್ಸಾದವರು, ಅವರಲ್ಲೊಬ್ಬರಿಗೆ ತಮ್ಮ ಕಾಲ ಮೇಲೆ ತಾವು ನಿಲ್ಲಲೂ ಆಗದು.

ಗೇರ್ ಕೆಳಗಿಳಿಸಿದಳು. ಹ್ಯಾಂಡ್‌ಬ್ರೇಕ್ ಎಳೆದಳು. ವೇಗ ತಗ್ಗಿತು — ಆದರೆ ವ್ಯಾನು ನಿಲ್ಲಲಿಲ್ಲ. ಕೊನೆಗೆ ಹಲ್ಲು ಕಚ್ಚಿ ಸ್ಟೇರಿಂಗನ್ನು ಎಡಕ್ಕೆ ತಿರುಗಿಸಿ, ವ್ಯಾನನ್ನು ಕಾಂಪೌಂಡ್ ಗೋಡೆಗೆ ಉಜ್ಜಿಸಿಯೇ ನಿಲ್ಲಿಸಿದಳು.

ಮೂವರು ನರಳುತ್ತಿದ್ದರು. ಹಿಂದಿನ ಸೀಟಿನ ಸಂಗೀತದ ಮೇಷ್ಟ್ರು ಮಾತ್ರ ಸದ್ದಿಲ್ಲದೆ ವಾಲಿಕೊಂಡಿದ್ದರು.

ಅವಳನ್ನು ಸಾರಥಿ ಎಂದು ಕರೆದವರೇ ಆ ಮೇಷ್ಟ್ರು. ಹಿರಿಯರು ಹಗಲು ಹೊತ್ತು ಕಳೆಯುವ ಮನೆಯೊಂದರಿಂದ ಅವರನ್ನೆಲ್ಲ ಆಸ್ಪತ್ರೆಗೆ ಕರೆದೊಯ್ದು ತರುವುದು ಅವಳ ಕೆಲಸ. ವ್ಯಾನನ್ನು ಐದು ತಿಂಗಳ ಹಿಂದೆ ಅಕ್ಕನ ಗಂಡನಿಂದಲೇ ಕೊಂಡಿದ್ದಳು. ಹೊರಗಿನವರ ಹತ್ತಿರ ತಗೊಂಡು ಮೋಸ ಹೋಗೋದಕ್ಕಿಂತ ಮನೆಯವರದ್ದೇ ವಾಸಿ ಎಂದು ಅಕ್ಕ ಹೇಳಿದ್ದಳು.

ಕೊಂಡ ದಿನದಿಂದ ಅದು ಅವಳನ್ನು ಹಿಂಡಿ ಹಿಪ್ಪೆ ಮಾಡಿತ್ತು. ಮೊದಲು ರೇಡಿಯೇಟರ್ ಸೋರಿತು. ಆಮೇಲೆ ಜಾರುಬಾಗಿಲು ಕಚ್ಚಿಕೊಂಡಿತು. ಸ್ಟಾರ್ಟರ್ ಸುಟ್ಟಿತು, ಸೈಲೆನ್ಸರ್ ಜೋತುಬಿತ್ತು. ಒಂದನ್ನು ಸರಿಮಾಡಿಸಿದರೆ ಇನ್ನೊಂದು ಸರದಿಯಲ್ಲಿ ನಿಂತಿರುತ್ತಿತ್ತು. ಸಂಪಾದನೆಯ ಅರ್ಧ ಗ್ಯಾರೇಜಿನ ಪಾಲು. ರೇಡಿಯೇಟರ್ ಖರ್ಚಿನ ವಿಚಾರಕ್ಕೆ ಮೆಕ್ಯಾನಿಕ್ ಜೊತೆ ಬೀದಿಯಲ್ಲೇ ಜಗಳವಾಗಿತ್ತು. ಬ್ರೇಕ್ ಒಮ್ಮೆ ಬಿಚ್ಚಿ ನೋಡೋಣ ಎಂದು ಅವನು ಹೇಳಿದಾಗ, ಇದೂ ಹಣ ಕೀಳುವ ಉಪಾಯವೆಂದುಕೊಂಡು ಮುಂದಿನ ತಿಂಗಳು ಎಂದಿದ್ದಳು.

ಆ ಮುಂದಿನ ತಿಂಗಳು ಬಂದೇ ಇರಲಿಲ್ಲ.

ಪೊಲೀಸರು ಹಿರಿಯರ ಆ ಮನೆಗೆ ಬಂದಾಗ, ವ್ಯಾನು ನಿಲ್ಲುವ ಜಾಗದಲ್ಲಿ ಬ್ರೇಕ್ ಆಯಿಲ್ ಮಡುಗಟ್ಟಿತ್ತು. ಹಿಂದಿನ ದಿನ ಸಂಜೆ ಮೆಕ್ಯಾನಿಕ್ ವ್ಯಾನಿನ ಅಡಿಯಲ್ಲಿ ಮಲಗಿದ್ದನ್ನು ಕಣ್ಣಾರೆ ಕಂಡೆನೆಂದು ಅಲ್ಲಿನ ಕಾವಲುಗಾರ ಹೇಳಿದ. ಸುದ್ದಿಗೆ ಅಷ್ಟೇ ಸಾಕಾಯಿತು. ಮಧ್ಯಾಹ್ನದೊಳಗೆ ಊರಿಗೆ ಊರೇ ಮಾತಾಡತೊಡಗಿತು — ಜಗಳದ ಸಿಟ್ಟಿಗೆ ಬ್ರೇಕ್ ಕತ್ತರಿಸಿದ್ದಾನೆ.

ಸಾರಥಿಗೂ ಹಾಗೇ ನಂಬಬೇಕು ಎನಿಸಿತು. ನಂಬದಿದ್ದರೆ ತಪ್ಪೆಲ್ಲ ತನ್ನ ತಲೆಗೇ ಬರುತ್ತಿತ್ತು.

ಪ್ರಜ್ಞೆ ತಪ್ಪಿದ ಮೇಷ್ಟ್ರಿಗಾಗಿ ಅವಳು ಕಾದು ಕೂತಿದ್ದ ಆಸ್ಪತ್ರೆಗೆ ಮೊದಲು ಓಡಿ ಬಂದವರು ಅಕ್ಕ, ಭಾವ. ಅಕ್ಕ ಪಕ್ಕದಲ್ಲಿ ಕೂತು ಬೆನ್ನು ಸವರಿದಳು. ಭಾವ ಔಷಧಿ ತಂದ, ನರ್ಸುಗಳ ಹತ್ತಿರ ವಿಚಾರಿಸಿದ, ಆಮೇಲೆ ಅವಳ ಕಿವಿಯ ಬಳಿ ಬಗ್ಗಿ ಹೇಳಿದ:

"ಆ ಅನಿಷ್ಟ ವ್ಯಾನನ್ನ ಮತ್ತೆ ನೋಡ್ಬೇಡ. ಗುಜರಿಯವನಿಗೆ ಹೇಳಿದೀನಿ, ಸಂಜೆ ಎಳ್ಕೊಂಡು ಹೋಗ್ತಾನೆ."

ಅವಳು ಕೃತಜ್ಞತೆಯಿಂದ ತಲೆಯಾಡಿಸಿದಳು. ಗುಜರಿಯವನು ಬಂದೂ ಬಂದ. ಆದರೆ ಅಷ್ಟರಲ್ಲಿ ಮಹಿಳಾ ಇನ್ಸ್‌ಪೆಕ್ಟರ್ ವ್ಯಾನನ್ನು ಠಾಣೆಯ ಅಂಗಳಕ್ಕೆ ಎಳೆಸಿಬಿಟ್ಟಿದ್ದರು.

ಮರುದಿನ ಬೆಳಿಗ್ಗೆ ಎಲ್ಲರನ್ನೂ ಆ ಅಂಗಳಕ್ಕೇ ಕರೆಸಿದರು. ಮೆಕ್ಯಾನಿಕ್ ಗೋಡೆಗೆ ಒರಗಿ ನಿಂತಿದ್ದ, ಮುಖ ಬಿಳಿಚಿಕೊಂಡಿತ್ತು. ತಾನು ಅಡಿಯಲ್ಲಿ ಮಲಗಿದ್ದು ಜೋತುಬಿದ್ದ ಸೈಲೆನ್ಸರ್ ಕಟ್ಟಲು ಎಂದು ಅವನು ಆಗಲೇ ಹತ್ತು ಸಲ ಹೇಳಿದ್ದ. ಯಾರೂ ಕಿವಿಗೊಟ್ಟಿರಲಿಲ್ಲ.

ಇನ್ಸ್‌ಪೆಕ್ಟರ್ ಸಾರಥಿಯ ಕಡೆ ತಿರುಗಿದರು. ಮೆತ್ತಗಿನ ದನಿ, ಬಿಡದ ನೋಟ.

"ಬ್ರೇಕ್ ನೋಡಿಸಿ ಅಂತ ಅವನು ಹೇಳಿದಾಗ ನೀವು ಯಾಕೆ ಬೇಡ ಅಂದ್ರಿ?"

"ದೀಪ ಹತ್ತಿರಲಿಲ್ಲ, ಮೇಡಂ. ಆಯಿಲ್ ಕಮ್ಮಿಯಾದ್ರೆ ಮುಂದುಗಡೆ ಕೆಂಪು ದೀಪ ಹತ್ತುತ್ತೆ ಅಂತ ಗೊತ್ತಿತ್ತು. ಹತ್ತಿದ್ರೆ ನಾನು ಒಂದು ದಿನಾನೂ ಓಡಿಸ್ತಿರಲಿಲ್ಲ."

"ನಿನ್ನೆ ಇಳಿಜಾರಲ್ಲಿ?"

"ಆಗಲೂ ಇಲ್ಲ."

"ಹ್ಯಾಂಡ್‌ಬ್ರೇಕ್ ಎಳೆದಾಗ?"

ಸಾರಥಿ ತಡವರಿಸಿದಳು. ಅದಕ್ಕೂ ದೀಪಕ್ಕೂ ಏನು ಸಂಬಂಧ? "ಆಗ ಯಾವ ದೀಪಾನೂ ಹತ್ತಲ್ಲ, ಮೇಡಂ. ಕೊಂಡ ದಿನದಿಂದ ಹತ್ತಿಲ್ಲ. ಇದರಲ್ಲಿ ಹಾಗೇ ಇರಬೇಕು ಅನ್ಕೊಂಡಿದ್ದೆ."

ಇನ್ಸ್‌ಪೆಕ್ಟರ್ ಭಾವನತ್ತ ನೋಡಿದರು. "ನೀವು ಎಂಟು ವರ್ಷ ಓಡಿಸಿದವರು. ನಿಮ್ಮ ಕಾಲದಲ್ಲಿ?"

"ಹತ್ತುತ್ತಿತ್ತು," ಎಂದ ಭಾವ ಥಟ್ಟನೆ. "ನಾನು ಕೊಡೋವಾಗ ಎಲ್ಲ ಸರಿಯಾಗಿತ್ತು. ಆಮೇಲೆ ಗ್ಯಾರೇಜಲ್ಲಿ ಏನು ಮಾಡಿದ್ರೋ."

ಮೆಕ್ಯಾನಿಕ್ ಏನೋ ಹೇಳಹೋದ. ಇನ್ಸ್‌ಪೆಕ್ಟರ್ ಕೈ ಎತ್ತಿ ತಡೆದು, ಠಾಣೆಯ ವಾಹನಗಳನ್ನು ನೋಡಿಕೊಳ್ಳುವವನಿಗೆ ಸನ್ನೆ ಮಾಡಿದರು. ಅವನು ಸ್ಟೇರಿಂಗಿನ ಹಿಂದಿನ ಮೀಟರ್ ಫಲಕವನ್ನು ಬಿಚ್ಚಿ ಹೊರಗೆಳೆದ. ಹಿಂಬದಿಯಲ್ಲಿ ಸಾಲಾಗಿ ಪುಟ್ಟ ಬಲ್ಬುಗಳು. ಒಂದು ಗೂಡು ಮಾತ್ರ ಖಾಲಿ. ಅದರ ಬಾಯಿಗೆ ಧೂಳಿನ ದಪ್ಪ ಪೊರೆ. ಪೊರೆಯ ಮೇಲೆ ಜೇಡರಬಲೆ.

"ಬ್ರೇಕ್ ಆಯಿಲ್ ಪೈಪನ್ನ ಯಾರೂ ಕತ್ತರಿಸಿಲ್ಲ," ಎಂದರು ಇನ್ಸ್‌ಪೆಕ್ಟರ್. "ಹಿಂದಿನ ಚಕ್ರದ ಹತ್ತಿರ ತುಕ್ಕು ತಿಂದು ತೂತಾಗಿದೆ. ತಿಂಗಳುಗಟ್ಟಲೆ ತೊಟ್ಟು ತೊಟ್ಟಾಗಿ ಸೋರಿದೆ, ಮೊನ್ನೆ ರಾತ್ರಿ ನಿಂತಲ್ಲೇ ಒಮ್ಮೆಗೇ ಬಿಟ್ಕೊಂಡಿದೆ. ಇಷ್ಟೇ ಆಗಿದ್ರೆ ಹಳೇ ಗಾಡಿಯ ಹಣೆಬರಹ ಅಂತ ಬಿಡಬಹುದಿತ್ತು. ಆದರೆ ಈ ಗಾಡಿಗೆ ಎಚ್ಚರಿಸೋ ಬಾಯಿ ಇತ್ತು. ಆ ಬಾಯಿ ಮುಚ್ಚಿಸಿದ್ದು ಯಾರು?"

ಅವರು ಖಾಲಿ ಗೂಡಿನತ್ತ ಬೆರಳು ತೋರಿಸಿದರು.

"ಆಯಿಲ್ ಕಮ್ಮಿಯಾದರೂ ಅದೇ ದೀಪ, ಹ್ಯಾಂಡ್‌ಬ್ರೇಕ್ ಎಳೆದರೂ ಅದೇ ದೀಪ. ಎಲ್ಲರೂ ನೆಲದ ಮೇಲಿನ ಆಯಿಲ್ ನೋಡಿದ್ರು. ಇವರು ದಿನಾ ಹ್ಯಾಂಡ್‌ಬ್ರೇಕ್ ಎಳೀತಿದ್ರು, ದೀಪ ಹತ್ತುತ್ತಿರಲಿಲ್ಲ — ಅದನ್ನ ಯಾರೂ ಕೇಳಲಿಲ್ಲ. ಅಂದರೆ ಬಲ್ಬು ಇವರ ಕೈಗೆ ಬರೋ ಮೊದಲೇ ಹೋಗಿತ್ತು. ಆಗ ಗಾಡಿ ಯಾರ ಕೈಲಿತ್ತು?"

ಭಾವ ನಕ್ಕ, ನಗು ಅರ್ಧದಲ್ಲೇ ನಿಂತಿತು. "ಒಂದು ಬಲ್ಬು ಬಿದ್ದುಹೋಗಿರಬಹುದು ಮೇಡಂ."

"ತಾನಾಗಿ ಬೀಳಲ್ಲ, ತಿರುಗಿಸಿ ತೆಗೀಬೇಕು. ನೀವು ಮಾರೋ ಮುಂಚೆ ಗಾಡೀನ ಪೇಟೆಯ ದೊಡ್ಡ ಗ್ಯಾರೇಜಿಗೆ ತಗೊಂಡು ಹೋಗಿದ್ರಿ. ನಿನ್ನೆ ಅಲ್ಲಿಗೆ ಹೋಗಿ ಬಂದೆ. ಬ್ರೇಕ್ ಪೈಪು ಪೂರ್ತಿ ಬದಲಾಯಿಸಬೇಕು ಅಂದ್ರಂತೆ. ಖರ್ಚು ಕೇಳಿ ನೀವು ಹಾಗೇ ವಾಪಸ್ ತಂದ್ರಂತೆ. ಆಯಿಲ್ ತುಂಬಿಸಿದ್ರಿ, ದೀಪ ತೆಗೆದ್ರಿ, ಮಾರಿದ್ರಿ. ಅಪಘಾತ ಆದ ಕೂಡಲೇ ಗುಜರಿಗೆ ಹಾಕೋಕೆ ನಿಂತ್ರಿ. ಇಷ್ಟು ಅವಸರ ಯಾಕೆ?"

"ಹೀಗಾಗುತ್ತೆ ಅಂತ ನನಗೇನು ಕನಸು ಬಿದ್ದಿತ್ತಾ?" ಭಾವನ ದನಿ ಏರಿತು. "ಇಷ್ಟು ಬೇಗ ಹೋಗುತ್ತೆ ಅಂತ ನಿಜವಾಗಲೂ ಗೊತ್ತಿರಲಿಲ್ಲ."

ಅಷ್ಟು ಹೊತ್ತು ಬಾಗಿಲ ಪಕ್ಕದಲ್ಲಿ ನಿಂತಿದ್ದ ಅಕ್ಕ ಮುಂದೆ ಬಂದಳು. ಅವಳ ಮಾತು ಜೋರಾಗಿರಲಿಲ್ಲ.

"ರೀ, ಇವಳು ಹೇಗೂ ಶಾಲೆ ದಾರೀಲೇ ಹೋಗ್ತಾಳೆ, ಮಗಳನ್ನ ಈ ವ್ಯಾನಲ್ಲಿ ಕಳಿಸೋಣ ಅಂತ ಎಷ್ಟು ಸಲ ಕೇಳ್ದೆ. ಪೆಟ್ರೋಲ್ ವಾಸನೆಗೆ ಮಗೂಗೆ ವಾಂತಿ ಆಗುತ್ತೆ ಅಂದ್ರಿ. ನಿಜ ಹೇಳಿ — ವಾಸನೆಗಾ ಬೇಡ ಅಂದಿದ್ದು?"

ಭಾವ ಹೆಂಡತಿಯ ಮುಖ ನೋಡದೆ ತಲೆ ತಗ್ಗಿಸಿದ.

ಇನ್ಸ್‌ಪೆಕ್ಟರ್ ಪೇದೆಯತ್ತ ತಲೆಯಾಡಿಸಿದರು. ಪೇದೆ ಬಂದು ಭಾವನ ತೋಳು ಹಿಡಿದ.

ಸಾರಥಿ ಮೆಕ್ಯಾನಿಕ್ ಮುಂದೆ ಹೋಗಿ ನಿಂತಳು. ನಿನ್ನೆಯೆಲ್ಲ ಅವನನ್ನೇ ಶಪಿಸಿದ್ದು ನೆನಪಾಗಿ ಕೈ ಮುಗಿದಳು. ಪಾಪ, ಅವನೇ ಮೇಷ್ಟ್ರು ಹೇಗಿದ್ದಾರೆ ಎಂದು ಕೇಳಿದ. ಬೆಳಗಿನ ಜಾವ ಕಣ್ಣು ಬಿಟ್ಟರಂತೆ, ಸೊಂಟದ ಮೂಳೆ ಕೂಡಿಕೊಳ್ಳಲು ತಿಂಗಳುಗಳೇ ಬೇಕಂತೆ ಎಂದು ಹೇಳುವಷ್ಟರಲ್ಲಿ ಅವಳಿಗೆ ತಡೆಯಲಾರದಷ್ಟು ಅಳು ಬಂತು.

ಅಕ್ಕ ಬಂದು ಅವಳ ಕೈ ಹಿಡಿದಳು. ಗಂಡನನ್ನು ಕರೆದೊಯ್ದ ಬಾಗಿಲ ಕಡೆಗೆ ಅವಳು ತಿರುಗಿಯೂ ನೋಡಲಿಲ್ಲ.

"ನಡಿ," ಎಂದಳು, "ಆಸ್ಪತ್ರೆಗೆ ಹೋಗೋಣ. ಆ ಮೇಷ್ಟ್ರಿಗೆ ಇದನ್ನ ನಾನೇ ಹೇಳ್ಬೇಕು."