ಜೂನ್ ತಿಂಗಳ ಸ್ಲೈಡ್

ಸಿರುಗುಪ್ಪದಲ್ಲಿ ಕಟ್ಟುತ್ತಿದ್ದ ಗೋದಾಮಿನ ಗೋಡೆ ಬಿದ್ದು ಸಿರಿಗೇರಿಯ ಕೂಲಿ ಹೆಂಗಸು ಸಾವಂತ್ರಮ್ಮ ಸತ್ತ ವಾರವೇ ಇಂಜಿನಿಯರ್ ಅಂಜನಾ ನಮ್ಮ ಬಾಗಿಲು ತಟ್ಟಿದಳು. ಬಳ್ಳಾರಿಯಲ್ಲಿ ನಿವೃತ್ತ ಪೊಲೀಸ್ ಅಧಿಕಾರಿ ದಾಕ್ಷಾಯಣಮ್ಮನವರ ಮನೆಯಲ್ಲಿ ನಾನು ಬಾಡಿಗೆಗಿದ್ದೆ; ಅವರ ತನಿಖೆಗಳಿಗೆ ಜೊತೆ ಹೋಗುವುದು ರೂಢಿಯಾಗಿತ್ತು.

"ಗೋಡಿ ಬಿರುಕು ಬಿಟ್ಟೈತಿ, ಕೆಲಸ ನಿಲ್ಲಿಸ್ರಿ ಅಂತ ಜೂನ್‌ನ್ಯಾಗ ಸ್ಲೈಡ್‌ಗೆ ಫೋಟೊ ಹಾಕಿ ಮ್ಯಾಲಿನವರಿಗೆ ಕೊಟ್ಟಿದ್ದೆ ಅಮ್ಮಾರ. ಈಗ ಆ ಸ್ಲೈಡ್‌ನ್ಯಾಗ ಬಿರುಕೇ ಇಲ್ಲ. ಸಾವಿನ ಹೊಣಿ ನನ್ನ ಮ್ಯಾಲೆ ಬಂದೈತಿ" ಎಂದು ಅತ್ತಳು. ಮೂಲ ಫೋಟೊ ಇದ್ದ ಅವಳ ಕ್ಯಾಮೆರಾ ಗೋಡೆಯಡಿ ಪುಡಿಯಾಗಿತ್ತು.

ತಿಂಗಳಿಗೊಂದು ಸ್ಲೈಡ್‌ನಲ್ಲಿ ಅದೇ ಗೋಡೆಯ ಫೋಟೊ ಇದ್ದ ಆ ಪ್ರೆಸೆಂಟೇಶನ್ ತಿದ್ದಬಲ್ಲವರು ಮೂವರೇ: ಅಂಜನಾ, ಕುರುಗೋಡಿನಲ್ಲಿದ್ದ ಅವಳ ಸಹಾಯಕ ಹಂಪೇಶ್, ಹಿರಿಯ ಇಂಜಿನಿಯರ್ ಚನ್ನಬಸವರಾಜ. ಸ್ಲೈಡ್‌ಗಳನ್ನು ಜೋಡಿಸುತ್ತಿದ್ದವನು ಹಂಪೇಶ್; ಹಾಗಾಗಿ ಕಚೇರಿಯಲ್ಲಿ ಎಲ್ಲರೂ ಬೆರಳು ತೋರಿಸಿದ್ದು ಅವನತ್ತ.

ಕುರುಗೋಡಿಗೆ ಹೋದೆವು. ಹಂಪೇಶ್ ಕಂಪ್ಯೂಟರ್ ತೆರೆದು ತನ್ನ ಕೆಲಸ ತೋರಿಸಿದ.

"ಇದು ಆಡ್-ಇನ್ ರೀ, ಸ್ಲೈಡ್ ಮಾಡೋ ಸಾಫ್ಟ್‌ವೇರ್‌ಗೆ ಸೇರಿಸೋ ಸಣ್ಣ ಪ್ರೋಗ್ರಾಮ್. ಮೊದಲನೇ ಚಿತ್ರದ ಜಾಗ, ಅಳತಿ ನೆನಪಿಟ್ಕೊಂತೈತಿ. ಮುಂದಿನ ಸ್ಲೈಡ್‌ನ್ಯಾಗ ಒಮ್ಮೆ ಒತ್ತಿದ್ರ ಚಿತ್ರ ಅಲ್ಲೇ ಬಂದು ಕುಂದ್ರತೈತಿ. ಅಂಜನಾ ಮೇಡಂ ಕಂಪ್ಯೂಟರ್‌ನ್ಯಾಗೂ ಹಾಕಿಕೊಟ್ಟೀನಿ."

ಬಳ್ಳಾರಿಗೆ ಮರಳಿ ಆ ಆಡ್-ಇನ್ ಬಗ್ಗೆ ಚನ್ನಬಸವರಾಜರನ್ನು ಕೇಳಿದೆವು. "ನನ್ನ ಹತ್ರ ಅದೆಲ್ಲ ಇಲ್ರಿ. ಚಿತ್ರ ಸರಿಸಬೇಕಾದ್ರ ಮೌಸ್‌ಲೇ ಎಳಿತೀನಿ" ಎಂದು ಮಾತು ಮುಗಿಸಿದರು.

ಮರುದಿನ ದಾಕ್ಷಾಯಣಮ್ಮ ಮೂವರನ್ನೂ ಮನೆಗೆ ಕರೆಸಿದರು. ಸಾವಂತ್ರಮ್ಮನ ಗಂಡ ಅಯ್ಯಣ್ಣನೂ ಬಂದು ಮೂಲೆಯಲ್ಲಿ ಕೂತ.

ದಾಕ್ಷಾಯಣಮ್ಮ ಕಂಪ್ಯೂಟರ್ ಪರದೆಯಲ್ಲಿ ಸ್ಲೈಡ್‌ಗಳನ್ನು ಒಂದೊಂದಾಗಿ ಸರಿಸಿದರು. ತಿಂಗಳುಗಳು ಉರುಳಿದರೂ ಗೋಡೆ ಅದೇ ಜಾಗದಲ್ಲಿತ್ತು. ಜೂನ್ ಬಂದೊಡನೆ ಚಿತ್ರ ತುಸು ಎಡಕ್ಕೆ ಜರುಗಿತು.

"ಇದೊಂದು ಕೈಯಿಂದ ಕೂಡಿಸಿದ್ದು" ಎಂದರು ದಾಕ್ಷಾಯಣಮ್ಮ. "ಹಂಪೇಶ ಆಗ್ಲಿ ಅಂಜನಾ ಆಗ್ಲಿ ತಿದ್ದಿದ್ರ ಒಮ್ಮೆ ಒತ್ತಿ ಗುರುತೇ ಉಳಿಸ್ತಿರಲಿಲ್ಲ. ಆ ಆಡ್-ಇನ್ ಇಲ್ಲದವರು ಒಬ್ರೇ. ಚಿತ್ರ ಯಾಕ ಜರುಗಿತು? ಅಂಚು ಕತ್ತರಿಸಿ, ಉಳಿದದ್ದನ್ನ ಹಿಗ್ಗಿಸ್ಯಾರ. ಆದ್ರ ಕತ್ತರಿಸಿದ ಭಾಗ ಕಡತದಾಗ ಹಂಗೇ ಅಡಗಿರತೈತಿ."

ಚಿತ್ರವನ್ನು ಮೊದಲಿನಂತೆ ಮಾಡುವ ಗುಂಡಿ ಒತ್ತಿದರು. ಬಲ ಅಂಚಿನಲ್ಲಿ, ಬುಡದಿಂದ ತುದಿಯವರೆಗೆ ಬಿರುಕು ಕಾಣಿಸಿತು. ಅಂಜನಾ ಬಾಯಿಗೆ ಸೆರಗು ಒತ್ತಿಕೊಂಡಳು.

ಚನ್ನಬಸವರಾಜ ತಲೆ ಎತ್ತಲಿಲ್ಲ. "ಮಳಿಗಾಲದೊಳಗ ಮುಗಿಸಬೇಕಿತ್ರಿ, ಅದಕ್ಕ ಕೆಲಸ ನಿಲ್ಲಿಸಲಿಲ್ಲ. ಬೀಳಂಗಿಲ್ಲ ಅನ್ಕೊಂಡೆ. ಬಿದ್ದ ಮ್ಯಾಲೆ... ಹೆದರಿ ಬಿರುಕು ಕತ್ತರಿಸಿದೆ."

ಅಯ್ಯಣ್ಣ ಎದ್ದು ಪರದೆಯ ಹತ್ತಿರ ಬಂದ. ಬಿರುಕಿನ ಬುಡದಲ್ಲಿ ಬುಟ್ಟಿ ಹೊತ್ತು ನಿಂತ ಹೆಂಗಸೊಬ್ಬಳಿದ್ದಳು. ನಾವ್ಯಾರೂ ಗಮನಿಸಿರಲಿಲ್ಲ.

"ಈಕಿನೇ ರೀ ನಮ್ಮಾಕಿ" ಎಂದ. ಆಮೇಲೆ ಚನ್ನಬಸವರಾಜರತ್ತ ತಿರುಗಿದ. "ಬಿರುಕಿನ ಕೂಡ ಈಕಿನೂ ಕತ್ತರಿಸಿದ್ರೇನ್ರಿ?"