ಬದಲಾದ ಹದಿನಾಲ್ಕನೇ ಪುಟ

"ಈ ಪುಟ ನಾ ಬರೆದಿಲ್ರಿ ಅಕ್ಕಾರ! ನನ್ನ ಹೆಸರಾಗ ಸುಳ್ಳು ಅಚ್ಚಾಗೇತಿ, ನೌಕರಿನೂ ಹೋತು."

ಬ್ಯಾಡಗಿಯ ಮೆಣಸಿನಪುಡಿ ಕಂಪನಿಯೊಂದರ ಸಾಮಾಜಿಕ ಹೊಣೆಗಾರಿಕೆ ವರದಿ ಬರೆಯುತ್ತಿದ್ದ ಐಶ್ವರ್ಯ, ಹಾವೇರಿಯ ನಮ್ಮ ಕೋಣೆಯಲ್ಲಿ ಕುಳಿತಿದ್ದಳು. ಕೋರ್ಟಿನ ದಾಖಲೆ ವಿಭಾಗದಿಂದ ನಿವೃತ್ತರಾದ ಮೇಲೆ ದುರ್ಗಾಕ್ಕ ಇಂಥ ಕಗ್ಗಂಟುಗಳನ್ನು ಬಿಡಿಸುತ್ತಿದ್ದರು. ಟೈಪಿಸ್ಟ್ ಹಜರತಅಲಿಯಾದ ನಾನು ಅವರ ಹಳೆಯ ಜೊತೆಗಾರ.

"ನೀ ಬರೆದದ್ದೇನು?"

"ಮೆಣಸಿನಕಾಯಿ ತೊಟ್ಟು ಮುರಿಯೋ ಎಂಬತ್ತೆರಡು ಹೆಂಗಸರನ್ನ ತಪಾಸಣೆಗೆ ಕಳಿಸಿದ್ವಿ, ಮೂವರ ಶ್ವಾಸಕೋಶ ಧೂಳಿನಿಂದ ಕೆಟ್ಟೇತಿ ಅಂತ. ಆಡಳಿತ ಮಂಡಳಿ ಒಪ್ಪಿತ್ರಿ. ಈಗ ಪುಟ ತಿದ್ದಿದಾಕಿ ನಾನ ಅಂತ ಕೆಲಸದಿಂದ ತೆಗೆದ್ರು."

ಅಚ್ಚಾದ ಹದಿನಾಲ್ಕನೇ ಪುಟದಲ್ಲಿ ಹೀಗಿತ್ತು: 'ಎಂಬತ್ತೊಂದು ಮಹಿಳೆಯರನ್ನು ಪರೀಕ್ಷಿಸಲಾಗಿದೆ. ಎಲ್ಲರೂ ಆರೋಗ್ಯವಾಗಿದ್ದಾರೆ.'

ಹೊಸ ಪುಟ ಮುದ್ರಣಾಲಯಕ್ಕೆ ಹೋಗಿದ್ದು ವರದಿ ಸಿದ್ಧಪಡಿಸುವ ಸಮಿತಿಯ ಇ-ಮೇಲಿನಿಂದ. ಅದರ ಪಾಸ್‌ವರ್ಡ್ ಐಶ್ವರ್ಯಳಲ್ಲದೆ ಮೂವರಿಗೆ ಗೊತ್ತಿತ್ತು: ಅಧ್ಯಕ್ಷ ಶಂಕ್ರಪ್ಪ, ಕಾರ್ಯದರ್ಶಿ ಸುನೀಲಕುಮಾರ, ಮತ್ತು ಸ್ವತಂತ್ರ ನಿರ್ದೇಶಕಿ ಡಾಕ್ಟರ್ ಭುವನಾ. ತಪಾಸಣೆ ಮಾಡಿದವರೂ, ಸತ್ಯ ಅಚ್ಚಾಗಲೇಬೇಕೆಂದು ಸಭೆಯಲ್ಲಿ ವಾದಿಸಿದವರೂ ಭುವನಾ ಅವರೇ.

ಮರುದಿನ ಬ್ಯಾಡಗಿಗೆ ಹೋದೆವು. ಮೆಣಸಿನ ಘಾಟಿಗೆ ನಾನು ಸೀನುತ್ತಲೇ ಇದ್ದೆ. ತೊಟ್ಟು ಮುರಿಯುತ್ತಿದ್ದ ಜೈತೂನಬಿ ದುರ್ಗಾಕ್ಕನ ಕಿವಿಯಲ್ಲಿ ಹೇಳಿದಳು: "ನಾ ತಪಾಸಣಿ ಮಾಡಿಸ್ಕೊಳ್ಳಲಿಲ್ರಿ. ಅಂಜಿಕಿ ಬಂತು, ಯಂತ್ರದ ಮುಂದಿಂದ ಎದ್ದು ಬಂದೆ. ಕೂಲಿ ಕಡಿತಾರಂತ ಯಾರಿಗೂ ಹೇಳಿಲ್ಲ. ಒಳಗ ಡಾಕ್ಟರ್ ಬಾಯಾರು ಒಬ್ಬರ ಇದ್ರು."

ಎರಡು ದಿನ ಬಿಟ್ಟು ರಾಣೆಬೆನ್ನೂರಿನ ಮುಖ್ಯ ಕಚೇರಿಯಲ್ಲಿ ಎಲ್ಲರೂ ಸೇರಿದರು. ಜೈತೂನಬಿಯನ್ನೂ ಕರೆಸಿದ್ದೆವು.

"ಕಂಪನಿಯ ಪಟ್ಟಿಯೊಳಗ ಎಂಬತ್ತೆರಡು ಹೆಸರು ಅದಾವು," ಎಂದರು ದುರ್ಗಾಕ್ಕ. "ಐಶ್ವರ್ಯ, ಸುನೀಲಕುಮಾರ, ಶಂಕ್ರಪ್ಪನವರು ಬರೆದಿದ್ರ ಎಂಬತ್ತೆರಡು ಅಂತಲೇ ಬರೀತಿದ್ರು. ಒಬ್ಬಾಕಿ ಎದ್ದು ಹೋಗಿದ್ದು ಆಕಿಗೆ ಬಿಟ್ರ ಪರೀಕ್ಷೆ ಮಾಡಿದವರಿಗಷ್ಟ ಗೊತ್ತು. ಸುಳ್ಳು ಬರೆಯುವಾಗಲೂ ನಿಮ್ಮ ಕೈ ಖರೇ ಲೆಕ್ಕನ ಬರೀತು, ಡಾಕ್ಟರ್."

ಶಂಕ್ರಪ್ಪ ಅವರತ್ತ ತಿರುಗಿದರು. "ಭುವನಾ, ನೀವಾ?"

"ಸಭೆ ಮುಗಿದ ಮ್ಯಾಲೆ ನೀವ ಹೇಳಿದ್ರಲ್ರಿ," ಭುವನಾ ತಣ್ಣಗೆ ಅಂದರು. "ಈ ಪುಟ ಹೊರಗ ಬಂದ್ರ ವಿದೇಶದ ಆರ್ಡರ್ ನಿಲ್ತಾವು, ಆಮೇಲೆ ಈ ಹೆಂಗಸರಿಗೆ ಆಸ್ಪತ್ರಿ ಕಟ್ಟಾಕ ಆಗೂದಿಲ್ಲ ಅಂತ. ಆ ಆಸ್ಪತ್ರಿಗಾಗೇ ನಾ ಮಂಡಳಿ ಸೇರಿದ್ದೆ."

"ನಾ ಪುಟ ತೆಗೀರಿ ಅಂದಿರಲಿಲ್ಲ."

"ಅನ್ನೂದು ಬೇಕಿರಲಿಲ್ಲ," ಎಂದರು ದುರ್ಗಾಕ್ಕ. "ಅಧ್ಯಕ್ಷರ ಕುರ್ಚಿಯಿಂದ ಬಂದ ಮಾತು ಅದು."

ಮೂಲೆಯಿಂದ ಜೈತೂನಬಿ ಕೇಳಿದಳು: "ಬಾಯಾರ, ಆ ಮೂವರು ಯಾರ್ರಿ? ನನ್ನ ಮಗಳೂ ತಪಾಸಣಿಗೆ ಬಂದಿದ್ದಳು."

ಭುವನಾ ಮಡಿಲಲ್ಲಿದ್ದ ಚೀಲವನ್ನು ಹತ್ತಿರಕ್ಕೆ ಎಳೆದುಕೊಂಡರು.

"ಮೂವರಲ್ಲ. ಹತ್ತೊಂಬತ್ತು ಮಂದಿ. ಮಂಡಳಿ ಒಪ್ಪಲಿ ಅಂತ ಮೊದಲಿಗೆ ಬರೇ ಮೂವರು ಅಂದಿದ್ದೆ. ಅವರೊಳಗ ಯಾರಿಗೂ... ಇನ್ನೂ ಹೇಳಿಲ್ಲ."

ಐಶ್ವರ್ಯ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ತಾನು ನಿಜವೆಂದು ನಂಬಿ ಬರೆದ ಪುಟವೂ ನಿಜವಾಗಿರಲಿಲ್ಲ. ಅವಳಿಗೆ ನೌಕರಿ ಮರಳಿ ಕೊಡುವುದಾಗಿ ಶಂಕ್ರಪ್ಪ ತೊದಲಿದರು. ಅವಳು ಅತ್ತ ನೋಡಲೂ ಇಲ್ಲ. ಭುವನಾ ಅವರ ಚೀಲದಿಂದ ತಪಾಸಣೆಯ ರಜಿಸ್ಟರ್ ತೆಗೆಸಿಕೊಂಡು ಎದ್ದಳು.

ಆ ಮಧ್ಯಾಹ್ನವೇ ಬ್ಯಾಡಗಿಯ ಗೋದಾಮಿನಲ್ಲಿ ಆ ಹತ್ತೊಂಬತ್ತು ಹೆಂಗಸರನ್ನು ಒಬ್ಬೊಬ್ಬರನ್ನಾಗಿ ಹೊರಗೆ ಕರೆದಳು. ಏಳನೆಯವಳು ಜೈತೂನಬಿಯ ಮಗಳು. ಮಡಿಲಿನ ಮೆಣಸಿನಕಾಯಿ ಝಾಡಿಸಿಕೊಂಡು, ನಗುತ್ತಲೇ ಎದ್ದು ಬಂದಳು.